ಕಡವಿನ ದೋಣಿ, ಬಂದರಿನ ಪಹರೆ

(ಮಹಾಲಿಂಗಪುರದಲ್ಲಿ ಕಾರಖಾನೆಯ ಕೆಲಸಗಾರರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರವನ್ನೇ ಕಾಣದ ಊರಿನಲ್ಲಿ ನಿಂತು ಈ ಮಾಸ್ತರ ಹಡಗು, ಬಂದರುಗಳ ಮಾತನ್ನಾಡುತ್ತಾನಲ್ಲ ಎಂದು ತಮ್ಮಲ್ಲಿ ಕೆಲವರು ನಗುತ್ತಿರಬಹುದು. ನಗಲಿ. ನಮ್ಮ ಉತ್ತರಕ್ಕೆ ಕೃಷ್ಣೆ ಇದ್ದಾಳೆ, ದಕ್ಷಿಣಕ್ಕೆ ಘಟಪ್ರಭೆ ಇದ್ದಾಳೆ. ರಬಕವಿಯಿಂದ ಮಹಿಷವಾಡಗಿಗೆ ದೋಣಿಯಲ್ಲಿ ದಾಟಿದವರು, ಸಂತೆಯ ಗಂಟನ್ನು ಕಾಲಡಿ ಇಟ್ಟುಕೊಂಡು ನಡುಹೊಳೆಯಲ್ಲಿ ದೇವರ ಹೆಸರು ಹೇಳಿದವರು ಈ ಸಭೆಯಲ್ಲಿಯೇ ಇದ್ದಾರೆ. ಅವರು ನಗುವುದಿಲ್ಲ.

1947ರ ಜುಲೈ 17ನೇ ತಾರೀಖು. ನಮ್ಮ ಊರು ಆಗ ಮುಧೋಳ ಸಂಸ್ಥಾನದಲ್ಲಿತ್ತು. ಮುಂಬಯಿಯ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಹಡಗು ಮಳೆಗಾಳಿಗೆ ಸಿಕ್ಕಿ ಮಗುಚಿತು. 600ಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಈಜಿ ದಡ ಸೇರಿದವರು ಬಂದು ಹೇಳಿದಾಗಲೇ ಮುಂಬಯಿಗೆ ಸುದ್ದಿ ತಿಳಿದದ್ದು.

ಅದು ಹಳೆಯ ಕಾಲ ಎನ್ನುವಿರಾ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ. ತಿರುಗಿ ಬರುವಾಗ ದೋಣಿ ಮಗುಚಿ 16 ಜನ ಮುಳುಗಿದರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಹೋದ ಕುಟುಂಬದವರಿದ್ದರು. ನಮ್ಮ ಹಾಗೆಯೇ ಬಯಲು ಸೀಮೆಯ ಜನ, ನೀರಿನ ಅಂದಾಜಿಲ್ಲದವರು.

ಈಗ ವ್ಯಾಪಾರಸ್ಥರಿಗೆ ಒಂದು ಮಾತು ಕೇಳುತ್ತೇನೆ. ನಮ್ಮ ಬೆಲ್ಲದ ಪೇಟೆಯಲ್ಲಿ ಕಾಟಾಕ್ಕೆ ಹಾಕದೆ ಒಂದು ಪೆಂಟೆ ಬೆಲ್ಲವನ್ನಾದರೂ ಯಾರಾದರೂ ಕೊಳ್ಳುತ್ತಾರೆಯೆ? ಹಡಗಿಗೂ ಒಂದು ಕಾಟಾ ಇದೆ. ಮಗ್ಗುಲಿಗೆ ಬಳಿದ ಒಂದು ಗೀಟು. ನೀರು ಆ ಗೀಟನ್ನು ಮುಟ್ಟಿತೆಂದರೆ ಭಾರ ಸಾಕು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಅಲ್ ಪ್ಲಿಮ್ಸಾಲ್ ಎಂಬಾತ ವರ್ಷಗಟ್ಟಲೆ ಕೂಗಾಡಿದ ಮೇಲೆ 1876ರಲ್ಲಿ ಆ ಕಾನೂನು ಬಂತು. ಆದರೆ ಗೀಟು ಎಲ್ಲಿ ಬಳಿಯಬೇಕೆಂಬುದನ್ನು ಮಾಲಕರಿಗೇ ಬಿಟ್ಟಿದ್ದರು! ಒಬ್ಬ ಕಪ್ತಾನ ಅದನ್ನು ಹೊಗೆಗೊಳವಿಯ ಮೇಲೆ ಬಳಿಸಿದನೆಂಬ ಕತೆಯನ್ನು ಇಂದಿಗೂ ಹೇಳುತ್ತಾರೆ. ಗೀಟಿನ ಜಾಗವನ್ನು ಕಾನೂನೇ ಗೊತ್ತುಮಾಡಲು 1890 ಬರಬೇಕಾಯಿತು. ಕಾಟಾವನ್ನು ಅಂಗಡಿಕಾರನ ಕೈಯಲ್ಲೇ ಕೊಟ್ಟು ತೂಕ ಸರಿಯಿರಲಿ ಎಂದರೆ ಏನಾಗುವದೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಬಂದರಿನ ಪಹರೆಯ ವಿಷಯಕ್ಕೆ ಬರುತ್ತೇನೆ. 2001ರಲ್ಲಿ ಅಮೇರಿಕೆಯ ಮೇಲೆ ವಿಮಾನದ ದಾಳಿಯಾದ ಬಳಿಕ ಜಗತ್ತಿನ ರಾಷ್ಟ್ರಗಳು ಸೇರಿ ಹಡಗು ಹಾಗೂ ಬಂದರುಗಳ ಭದ್ರತೆಗೆ ಒಂದು ಸಂಹಿತೆ ಮಾಡಿದವು. 2004ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಪ್ರತಿ ಬಂದರಿಗೂ ಒಬ್ಬ ಭದ್ರತಾ ಅಧಿಕಾರಿ, ಒಂದು ಲಿಖಿತ ಯೋಜನೆ, ಅಪಾಯಕ್ಕೆ ತಕ್ಕಂತೆ ಮೂರು ಮಟ್ಟದ ಎಚ್ಚರಿಕೆ. ಹೊಸ ಮಂಗಳೂರು ಬಂದರಿನ ಬಾಗಿಲಲ್ಲಿ ಪಾಸು ಇಲ್ಲದೆ ಒಳಗೆ ಬಿಡುವುದಿಲ್ಲ. ಈ ನಿಯಮವನ್ನು ದೊಡ್ಡ ದೊಡ್ಡ ಹಡಗಿನ ಧಣಿಗಳೂ ಬಾಯಿಮುಚ್ಚಿ ಪಾಲಿಸುತ್ತಾರೆ. ಯಾಕೆ? ಹಡಗು ತಾನು ಹಿಂದೆ ನಿಂತ ಹತ್ತು ಬಂದರುಗಳ ಲೆಕ್ಕವನ್ನು ಮುಂದಿನ ಬಂದರಿಗೆ ತೋರಿಸಬೇಕು. ಎಲ್ಲಿಯಾದರೂ ಸಡಿಲು ಕಂಡರೆ ಹಡಗನ್ನು ತಡೆದು ನಿಲ್ಲಿಸಬಹುದು. ನಿಂತ ಹಡಗು ದಿನಕ್ಕೆ ಲಕ್ಷಗಟ್ಟಲೆ ನುಂಗುತ್ತದೆ. ನಿಯಮ ಮುರಿದರೆ ಅಲ್ಲಿ ನಷ್ಟ. ಆದುದರಿಂದ ನಿಯಮ ನಡೆಯುತ್ತದೆ.

ಆದರೆ ಆ ಸಂಹಿತೆ ಪರದೇಶಕ್ಕೆ ಹೋಗುವ ಹಡಗುಗಳಿಗೆ. ಕೆಲಸಕ್ಕೆ, ಸಂತೆಗೆ, ಜಾತ್ರೆಗೆ ಹೋಗುವವರ ದೋಣಿಗೆ ಅದು ತಾಕುವುದಿಲ್ಲ. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಏನಾಯಿತು? ಎಲಿಫೆಂಟಾಕ್ಕೆ ಹೊರಟ ‘ನೀಲಕಮಲ’ ದೋಣಿಗೆ ನೌಕಾಪಡೆಯದೇ ಒಂದು ವೇಗದ ದೋಣಿ ಯಂತ್ರಪರೀಕ್ಷೆಯ ವೇಳೆ ಹಿಡಿತ ತಪ್ಪಿ ಬಂದು ಬಡಿಯಿತು. ಒಟ್ಟು 15 ಜನ ಸತ್ತರು. ಡಿಕ್ಕಿಯ ತಪ್ಪು ದೋಣಿಯವನದಲ್ಲ, ನಿಜ. ಆದರೆ 84 ಪ್ರಯಾಣಿಕರಿಗೆ ಪರವಾನಿಗೆ ಇದ್ದ ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ದೇಶದಲ್ಲೇ ಬಿಗಿ ಪಹರೆಯ ನೀರು ಅದು. ಅಲ್ಲಿಯೂ ಹಲಗೆಯ ಮೇಲೆ ಹತ್ತುವ ತಲೆಗಳನ್ನು ಎಣಿಸಿ ತಡೆಯುವವರಿರಲಿಲ್ಲ.

ಇದಕ್ಕೆ ಅಂಬಿಗನನ್ನು ಬೈದು ಸುಮ್ಮನಾಗುವುದು ಸುಲಭ. ತಲೆಗೆ ಇಷ್ಟು ಎಂದು ಗಳಿಕೆಯಿದ್ದಲ್ಲಿ ಅವನು ದೋಣಿ ತುಂಬುವವರೆಗೆ ಕಾಯುತ್ತಾನೆ, ತುಂಬಿದ ಮೇಲೂ ಇನ್ನು ನಾಲ್ವರನ್ನು ಹತ್ತಿಸುತ್ತಾನೆ. ಆ ನಾಲ್ವರ ದುಡ್ಡೇ ಅವನ ಮನೆಯ ಜೋಳ. ಗುತ್ತೇದಾರನು ಲಿಲಾವಿನಲ್ಲಿ ಸುರಿದ ಹಣವನ್ನೂ ಅವನೇ ಎತ್ತಿಕೊಡಬೇಕು. ನಿಯಮ ಮುರಿದರೆ ಇಲ್ಲಿ ಲಾಭ!

ಬೇರೆ ರೀತಿಯೂ ಉಂಟು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಆಣೆಕಟ್ಟು ಮುಗಿದಾಗ ಹಿನ್ನೀರಿನಾಚೆ ಸಿಕ್ಕಿಬಿದ್ದ ತುಮರಿ ಸೀಮೆಯವರಿಗೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸರಕಾರದ ಲಾಂಚೇ ರಸ್ತೆಯಾಯಿತು. ಸಿಗಂದೂರಿನ ಭಕ್ತರೂ ಅದರಲ್ಲೇ ಹೋದರು. ಬಸ್ಸುಗಳೂ ಅದರ ಮೇಲೇರಿ ದಾಟಿದವು. ದರ ಕಡಿಮೆ, ಹೊರಡುವ ಹೊತ್ತು ಗೊತ್ತು, ನಡೆಸುವವನ ಅನ್ನ ತಲೆಯೆಣಿಕೆಯ ಮೇಲೆ ನಿಂತಿರಲಿಲ್ಲ. ಕೊರತೆ ಇರಲಿಲ್ಲವೆಂದಲ್ಲ. ರಾತ್ರಿ ಜಡ್ಡಾದವರು ದಡದಲ್ಲೇ ಬೆಳಗು ಕಾಯಬೇಕಿತ್ತು. 2023ರ ಬೇಸಿಗೆಯ ಕೊನೆಗೆ ನೀರಿಳಿದಾಗ ವಾಹನಗಳನ್ನು ಬಿಟ್ಟು ಜನರನ್ನಷ್ಟೇ ದಾಟಿಸಿದರು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ಆರು ದಶಕಗಳ ಕೂಗಿಗೆ ಸಿಕ್ಕ ಸೇತುವೆ ಅದು.

ನಮ್ಮ ಹೊಳೆಗೂ ಸೇತುವೆ ಬೇಕು, ಅದನ್ನು ಕೇಳುತ್ತಲೇ ಇರೋಣ. ಆದರೆ ದೋಣಿ ನಡೆಯುವಲ್ಲೆಲ್ಲ, ಅದು ನಡೆಯುವವರೆಗೆ, ಅಂಬಿಗನಿಗೆ ತಿಂಗಳ ಸಂಬಳವಾಗಬೇಕು. ಎಷ್ಟು ಜನ, ಎಷ್ಟು ಮೋಟಾರಸೈಕಲ್ಲು ಎಂಬುದನ್ನು ದೋಣಿಯ ಮಗ್ಗುಲಿಗೆ ಕನ್ನಡದಲ್ಲಿ ಗೇಣುದ್ದದ ಅಕ್ಷರಗಳಲ್ಲಿ ಬರೆಯಿಸಬೇಕು. ಎಣಿಸಿ ಹತ್ತಿಸುವ ಕಾರಕೂನ ಗುತ್ತೇದಾರನ ಆಳಾಗಿರಕೂಡದು. ತೇಲಂಗಿಗಳು ಕಚೇರಿಯ ಕಪಾಟಿನಲ್ಲಲ್ಲ, ಜನರ ಮೈಮೇಲೆ ಇರಬೇಕು. ಮಹಾಪೂರದ ದಿನ ದೋಣಿ ನಿಲ್ಲಿಸಿದರೆ ಅಂಬಿಗನ ಆ ದಿನದ ಕೂಲಿ ಮುರಿಯಕೂಡದು. ಮುರಿದರೆ ಅವನು ನಿಲ್ಲಿಸುವುದೇ ಇಲ್ಲ.

ಇಷ್ಟನ್ನು ಬರೆದ ಅರ್ಜಿಯನ್ನು ಈಗ ಓದಿ ಹೇಳುತ್ತೇನೆ. ಹೊಳೆದಂಡೆಯ ಊರಿನವರು ಮೊದಲು ಮುಂದೆ ಬಂದು ಕೇಳಬೇಕು, ತಪ್ಪಿದ್ದನ್ನು ತಿದ್ದಿಸಬೇಕು. ಸಹಿ ಆಮೇಲೆ ಮಾಡೋಣ.