ತೀರ್ಪಿಗೆ ಮೊದಲು ಪರೀಕ್ಷೆ

ಗದಗ ಸೀಮೆಯ ಹರ್ತಿಯಂಥ ಊರಿನಿಂದ ದವಾಖಾನೆಗೆ, ಸಂತೆಗೆ ಓಡಾಡುವ ಮನೆಗೆ ಒಂದು ಹಳೆಯ ಕಾರು ದೊಡ್ಡ ಆಸರೆ. ಅದರ ಎಂಜಿನ್ ಇಳಿಸಿ, ರಿಪೇರಿ ಮಾಡಿಸಿ, ಮತ್ತೆ ಕೂರಿಸುವಷ್ಟರಲ್ಲಿ ಕೂಡಿಟ್ಟ ಹಣ ಕರಗಿರುತ್ತದೆ. ಅಷ್ಟಾದ ಮೇಲೂ ಕೆಲವೊಮ್ಮೆ ಕೀ ತಿರುಗಿಸಿದರೆ ‘ಟಕ್’ ಎಂಬ ಸದ್ದಷ್ಟೇ, ಎಂಜಿನ್ ತಿರುಗದು. ಬ್ಯಾಟರಿ ಹೋಯಿತು, ಸ್ಟಾರ್ಟರ್ ಕೆಟ್ಟಿತು ಎಂದು ಹೊಸದು ತರಲು ಹೊರಡುತ್ತೇವೆ.

ಅದಕ್ಕೂ ಮೊದಲು ನೋಡಬೇಕಾದದ್ದು ಎಂಜಿನ್ನಿನ ಅರ್ತಿಂಗ್ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಬ್ಯಾಟರಿಗೆ ಮರಳುವ ದಾರಿ ಆ ಪಟ್ಟಿಯೇ. ಜೋಡಿಸುವಾಗ ಅದು ಮರೆತುಹೋಗಬಹುದು, ಇಲ್ಲವೇ ಬೋಲ್ಟಿನಡಿ ಬಣ್ಣ, ತುಕ್ಕು ಉಳಿದಿರಬಹುದು. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ಬರೀ 0.02 ಓಮ್ ಅಡ್ಡಿಯಿದ್ದರೂ 3 ವೋಲ್ಟ್ ಅಲ್ಲೇ ನಷ್ಟ. ಪಟ್ಟಿಯೇ ಇಲ್ಲದಿದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಲ್ಲಿ ದಾರಿ ಹುಡುಕಿ ಅದನ್ನು ಸುಡಲೂಬಹುದು.

ಪರೀಕ್ಷೆ ಸರಳ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸ್ಟಾರ್ಟ್ ಮಾಡುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ. ಉಜ್ಜಿ ಬಿಗಿದರೆ ಬಹಳ ಸಲ ಅಷ್ಟೇ ಸಾಕು.

ಅಳೆಯದೆ ಬದಲಿಸುವುದು ಬಡವರ ಜೇಬಿಗೆ ಬರೆ. ಮನುಷ್ಯರ ವಿಷಯದಲ್ಲಂತೂ ಇನ್ನೂ ದುಬಾರಿ. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ದಡ್ಡ ಎನ್ನುವ ಮೊದಲು, ಅದಕ್ಕೆ ಬೋರ್ಡಿನ ಅಕ್ಷರ ಕಾಣುತ್ತಿದೆಯೇ ಎಂದು ಕೇಳೋಣ. ಯಾರ ಮೇಲೂ ತೀರ್ಪು ಕೊಡುವ ಮುನ್ನ ಪರೀಕ್ಷಿಸುವ ತಾಳ್ಮೆ ನಮ್ಮದಾಗಲಿ.