ಓಡುವವರ ಮಂಡಿ

ಬೆಂಗಳೂರಿನಲ್ಲಿ 2008ರಲ್ಲಿ ಸಾರ್ವಜನಿಕರೂ ಭಾಗವಹಿಸಬಹುದಾದ ಹತ್ತು ಕಿಲೋಮೀಟರುಗಳ ಓಟವೊಂದು ಆರಂಭವಾಯಿತು. ಅಂಥ ಓಟಗಳ ದಿನ ಹತ್ತಿರವಾದಂತೆ ನಮ್ಮ ಉದ್ಯಾನಗಳಲ್ಲಿ ಬೆಳಗಿನ ಓಟಗಾರರು ಹೆಚ್ಚುತ್ತಾರೆ. ಅವರೊಡನೆ ಮಂಡಿನೋವಿನ ದೂರೂ ಹೆಚ್ಚುತ್ತದೆ. ಮನೆಯ ಹಿರಿಯರು ಒಡನೆಯೇ ತೀರ್ಪು ಕೊಡುತ್ತಾರೆ: "ಓಡಬೇಡಪ್ಪಾ, ಮಂಡಿ ಸವೆದುಹೋದೀತು."

ಈ ತೀರ್ಪಿನ ಹಿಂದೆ ಎತ್ತಿನ ಗಾಡಿಯ ಉಪಮೆಯಿದೆ. ಅಚ್ಚು ತಿರುಗಿದಷ್ಟೂ ಸವೆಯುತ್ತದೆ, ಕೀಲೆಣ್ಣೆ ಹಾಕಿದರೆ ಸವೆತ ತುಸು ತಡವಾದೀತು, ಅಷ್ಟೆ. ಆದರೆ ಅಚ್ಚು ಜಡ, ಮಂಡಿ ಜೀವಂತ. ಎಲುಬಿನ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತಪ್ಪಿದಾಗ ಕೀಲಿನ ದ್ರವವನ್ನು ಹೀರಿಕೊಂಡು ಅದು ತನ್ನ ಆಹಾರವನ್ನು ಪಡೆಯುತ್ತದೆ. ಚಲನೆಯೇ ಅದರ ಅನ್ನ. 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಸೊಂಟ ಮತ್ತು ಮಂಡಿಯ ಕೀಲುಸವೆತ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇಕಡ 3.5ರಷ್ಟು, ಓಡದೆ ಕುಳಿತೇ ಇರುವವರಲ್ಲಿ ಶೇಕಡ 10.2ರಷ್ಟು ಕಂಡುಬಂದಿತು. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಅದು ಶೇಕಡ 13.3. ನೋವಿದ್ದವರು ಮೊದಲೇ ಓಟ ಬಿಟ್ಟಿರಬಹುದಾದ್ದರಿಂದ ಈ ಅಂಕಿಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಆದರೂ ಹಿರಿಯರ ತೀರ್ಪಿಗೆ ಇವು ಸಾಕ್ಷಿ ನುಡಿಯುವುದಿಲ್ಲ.

ಹಾಗಾದರೆ ನೋವೇಕೆ? ಓಟ ಆರಂಭಿಸಿದ ಕೆಲವೇ ವಾರಗಳಲ್ಲಿ ಉಸಿರು ಪಳಗುತ್ತದೆ. ಎಲುಬು, ಸ್ನಾಯುಬಂಧಗಳು ಪಳಗಲು ತಿಂಗಳುಗಳೇ ಬೇಕು. ಉಸಿರು 'ಇನ್ನೂ ಓಡು' ಎನ್ನುತ್ತದೆ, ಮಂಡಿ ಇನ್ನೂ ಸಿದ್ಧವಾಗಿರುವುದಿಲ್ಲ. ಆಗ ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿಕೊಳ್ಳುತ್ತದೆ: ಮೆಟ್ಟಿಲಿಳಿಯುವಾಗ, ಊಟದ ಪಂಕ್ತಿಯಿಂದ ಏಳುವಾಗ, ಬಸ್ಸಿನಲ್ಲಿ ಬಹುಹೊತ್ತು ಕುಳಿತಾಗ.

ಮಂಡಿಚಿಪ್ಪು ತೊಡೆಯೆಲುಬಿನ ತುದಿಯ ತೋಡಿನಲ್ಲಿ ಜಾರುತ್ತದೆ. ಅದನ್ನು ದಾರಿಯಲ್ಲಿಡುವುದು ತೊಡೆಯ ಮುಂಭಾಗದ ಸ್ನಾಯುಗಳ ಕೆಲಸ. ಹೆಜ್ಜೆಯೂರಿದಾಗ ತೊಡೆ ಒಳಕ್ಕೆ ವಾಲದಂತೆ ತಡೆಯುವುದು ಸೊಂಟದ ಸ್ನಾಯುಗಳ ಕೆಲಸ. ನೋವು ಮಂಡಿಯಲ್ಲಿದ್ದರೂ ಮದ್ದು ಅದರ ಮೇಲಿದೆ. (ರನ್ನನ ಗದಾಯುದ್ಧವನ್ನು ಪಾಠ ಹೇಳಿದವನಿಗೆ ಇದರಲ್ಲಿ ಅಚ್ಚರಿಯಿಲ್ಲ, ದುರ್ಯೋಧನನನ್ನು ನೆಲಕ್ಕೆ ಕೆಡಹಲು ಭೀಮನು ಆರಿಸಿಕೊಂಡದ್ದು ತೊಡೆಯನ್ನೇ.) ಗೇಣೆತ್ತರದ ಮೆಟ್ಟಿಲನ್ನು ಒಂದೇ ಕಾಲ ಬಲದಿಂದ ನಿಧಾನವಾಗಿ ಏರಿ ಇಳಿಯುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಗೋಡೆಗೆ ಬೆನ್ನೊರಗಿಸಿ ಅರ್ಧ ಕುಳಿತು ನಿಲ್ಲುವುದು: ಇವನ್ನು ದಿನ ಬಿಟ್ಟು ದಿನ, ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಎಣ್ಣೆ ತಿಕ್ಕುವುದರಿಂದ ಹಿತವಾದೀತು, ಸ್ನಾಯು ಬಲಿಯದು. ದುಬಾರಿ ಪಾದರಕ್ಷೆಯೂ ಅಷ್ಟೆ. ಕಾಲಿಗೆ ಹಿತವಾಗಿದ್ದರೆ ಸಾಕು.

ನಡಿಗೆಯನ್ನೂ ನಿಲ್ಲಿಸಿ ಮಲಗಿಬಿಡುವುದು ಸರಿಯಲ್ಲ. ತೊಡೆ ಸೊರಗಿ ನೋವು ಮತ್ತೆ ಬರುತ್ತದೆ. ದೂರವನ್ನು ಅರ್ಧಕ್ಕಿಳಿಸಿ, ಇಳಿಜಾರನ್ನು ಕೆಲಕಾಲ ಬಿಡಬೇಕು. ಹೆಜ್ಜೆಯನ್ನು ಕಿರಿದು ಮಾಡುವುದು ಬಹಳ ಉಪಕಾರಿ. ನಿಮಿಷಕ್ಕೆ 160 ಹೆಜ್ಜೆಯಿಡುವವರು ವೇಗವನ್ನು ಹೆಚ್ಚಿಸದೆಯೇ 168 ಇಟ್ಟರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಹೊರೆ ತಗ್ಗುತ್ತದೆ. ಓಡುವಾಗ ಕಾಣಿಸಿದ ಅಲ್ಪ ನೋವು ಮರುದಿನ ಬೆಳಗಿನೊಳಗೆ ಅಡಗಿದರೆ ಚಿಂತೆಯಿಲ್ಲ. ಅಡಗದಿದ್ದರೆ ದೂರವನ್ನು ಮತ್ತಷ್ಟು ಇಳಿಸಬೇಕು.

ಮಂಡಿ ಊದಿಕೊಂಡವರು, ಮಡಿಸಿದ ಕಾಲು ನೀಡಲಾಗದೆ ಸಿಕ್ಕಿಕೊಂಡಂತಾಗುವವರು, ನಿಂತಲ್ಲೇ ಮಂಡಿ ಕುಸಿಯುವವರು, ರಾತ್ರಿ ನೋವಿನಿಂದ ನಿದ್ದೆಗೆಡುವವರು ಮಾತ್ರ, ವೈದ್ಯರನ್ನು ಕಾಣುವ ಮೊದಲು ಈ ಭಾಷಣದ ಯಾವ ಮಾತನ್ನೂ ಪಾಲಿಸಬೇಕಾಗಿಲ್ಲ.