ದುಡಿಮೆಯ ಹೊತ್ತು, ಬದುಕಿನ ಹೊತ್ತು
(ಉಪನ್ಯಾಸದ ಬರಹರೂಪ)



ದುಡಿಮೆ ಮತ್ತು ಸ್ವಂತ ಬದುಕಿನ ನಡುವಣ ಸಮತೋಲನವೆಂದೊಡನೆ ನಗರದ ಕಚೇರಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಅಡಿಕೆ ತೋಟವನ್ನು ನಂಬಿದ ಮಲೆನಾಡಿನ ಮನೆಗೆ ಈ ಪ್ರಶ್ನೆ ಇನ್ನೂ ಜಟಿಲವಾದುದು. ಇಲ್ಲಿ ಬೀಗ ಹಾಕಿ ಮನೆಗೆ ಹೊರಡುವ ಗಳಿಗೆಯೇ ಇಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ಜಗಲಿಯಲ್ಲಿ ಸುಲಿತ ನಡೆಯುತ್ತದೆ, ಕೊಟ್ಟಿಗೆ ಅಡುಗೆಮನೆಗೆ ತಾಗಿಕೊಂಡೇ ಇರುತ್ತದೆ.

ಈ ದುಡಿಮೆ ವರ್ಷವಿಡೀ ಒಂದೇ ಸಮನಾದುದಲ್ಲ. ಮುಂಗಾರು ಹಿಡಿಯುವ ಮೊದಲೇ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. 40-45 ದಿನಗಳ ತರುವಾಯ ಮಳೆಯ ಬಿಡುವು ನೋಡಿ ಮತ್ತೊಮ್ಮೆ. ಕೆಂಪಡಿಕೆಗಾಗಿ ಇಳಿಸಿದ ಹಸಿಗೊನೆಯಂತೂ ಕಾಯುವುದಿಲ್ಲ. ಬೇಗ ಸುಲಿದು, ಬೇಯಿಸಿ, ಒಣಹಾಕಬೇಕು. ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಸುಲಿಯುವ ಕತ್ತಿಯ ಮುಂದೆ ಕುಳಿತವರು ಬೆಳಗಿನ ಜಾವ ಹಾಲು ಕರೆಯಲು ಏಳುತ್ತಾರೆ. ಡೇರಿಯ ವಾಹನಕ್ಕೆ ಭಾನುವಾರವೆಂಬುದಿಲ್ಲ.

ವಿಶ್ರಾಂತಿಯ ಅಗತ್ಯವನ್ನು ಹಿರಿಯರು ಅರಿಯದವರೇನಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವ ರೂಢಿ ನಾಡಿನ ಅನೇಕ ಕಡೆ ಇತ್ತು. ಘಟ್ಟದ ಕೆಳಗೆ ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿಯನ್ನು ಅಗೆಯುವಂತಿಲ್ಲ, ಉಳುವಂತಿಲ್ಲ. ಆದರೆ ಈ ಪರಂಪರೆಯನ್ನು ಕೊಂಡಾಡುವ ಮುನ್ನ ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯನ್ನು ನೆನೆಯುವುದು ಒಳಿತು. ಬಸುರಿ ಭೂತಾಯಿಗೆ ಬಯಕೆಯ ಊಟ ಬಡಿಸಲು ಮನೆಯ ಹೆಂಗಸರು ರಾತ್ರಿಯಿಡೀ ಒಲೆಯ ಮುಂದೆ ಎಚ್ಚರವಿರುತ್ತಾರೆ. ಎತ್ತಿಗೂ ಮಣ್ಣಿಗೂ ದೊರೆತ ಬಿಡುವು ಅವರಿಗೆ ದೊರೆಯಲಿಲ್ಲ.

ಇದು ಮಲೆನಾಡಿನ ಮಾತಷ್ಟೇ ಅಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವ್ಯಯಿಸಿದರೆ, ಗಂಡಸರು ವ್ಯಯಿಸಿದ್ದು 88 ನಿಮಿಷ. ಸಂವಿಧಾನದ 43ನೆಯ ವಿಧಿಯು ಕೃಷಿ ಕಾರ್ಮಿಕರನ್ನೂ ಹೆಸರಿಸಿ, ಜೀವನಯೋಗ್ಯ ಕೂಲಿಯ ಜೊತೆಗೆ ಬಿಡುವಿನ ಪೂರ್ಣ ಅನುಭವವನ್ನೂ ಒದಗಿಸಲು ಪ್ರಭುತ್ವ ಯತ್ನಿಸಬೇಕೆನ್ನುತ್ತದೆ. ಕೂಲಿಯ ವಿಚಾರ ಆಗಾಗ ಚರ್ಚೆಗೆ ಬರುತ್ತದೆ, ಬಿಡುವಿನ ವಿಚಾರ ಬರುವುದು ಅಪರೂಪ.

ಯಂತ್ರಗಳು ಬಂದಿವೆ. ಸುಲಿಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಮರ ಹತ್ತದೆಯೇ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಇವೆಲ್ಲ ಉಪಯುಕ್ತವೇ. ಆದರೆ ಉಳಿದ ಹೊತ್ತು ಎಲ್ಲಿಗೆ ಹೋಯಿತು? ಧಾರಣೆ ಏರಿದಾಗ ಗದ್ದೆಗಳಲ್ಲೂ ಅಡಿಕೆ ಸಸಿ ನೆಟ್ಟ ಕಡೆಗಳಲ್ಲಿ ಅದನ್ನು ಹೊಸ ತೋಟವೇ ನುಂಗಿತು. ಭತ್ತದ ಕಟಾವಿನ ನಂತರ ಒಂದಷ್ಟು ಕಾಲ ಊರಿಗೆ ಬಿಡುವಿರುತ್ತಿತ್ತು. ಗದ್ದೆ ಬಯಲಿನಲ್ಲಿ ಆಟ ನೋಡಿ ಬೆಳಗು ಮಾಡುತ್ತಿದ್ದುದೂ ಆಗಲೇ. ತೋಟವಾದ ಗದ್ದೆಯಲ್ಲಿ ಬೇಸಿಗೆಗೂ ನೀರು ಬಿಡಬೇಕು.

2020ರಲ್ಲಿ ಕೋವಿಡ್ ಕಾರಣದಿಂದ ಬೆಂಗಳೂರಿನಿಂದ ಮರಳಿದ ಯುವಕ ಯುವತಿಯರು ಇನ್ನೊಂದು ಸಮಸ್ಯೆಯನ್ನು ಹೊತ್ತು ತಂದರು. ಹಗಲು ತೋಟದ ನೀರು, ರಾತ್ರಿ ಅಮೆರಿಕದ ಗಡಿಯಾರಕ್ಕೆ ಹೊಂದಿಸಿದ ಸಭೆ. ಊರಿನಲ್ಲಿದ್ದೂ ಊರಿಗೆ ದೊರೆಯದ ಬದುಕು ಅದು.

ಪರಿಹಾರ ಒಬ್ಬೊಬ್ಬರ ಮನೋನಿಗ್ರಹದಿಂದ ಆಗುವಂಥದಲ್ಲ. ಮುಯ್ಯಾಳಿನ ಪದ್ಧತಿ ಸುಲಿತಕ್ಕೂ ಗದ್ದೆಗೂ ಇದ್ದಂತೆ ಕೊಟ್ಟಿಗೆಗೂ ಏಕಿರಬಾರದು? ನೆರೆಯ ನಾಲ್ಕು ಮನೆಗಳು ಸರದಿಯಂತೆ ಒಬ್ಬರ ದನಗಳನ್ನು ಮತ್ತೊಬ್ಬರು ನೋಡಿಕೊಂಡರೆ, ಪ್ರತಿ ಮನೆಯ ಗೃಹಿಣಿಗೂ ತಿಂಗಳಿಗೊಂದು ದಿನ ನಿಶ್ಚಿಂತೆಯಿಂದ ತವರಿಗೆ ಹೋಗಿಬರಲು ಸಾಧ್ಯ. ಹಾಲು ಕರೆಯುವುದನ್ನು ಮನೆಯ ಗಂಡುಮಕ್ಕಳೂ ಕಲಿಯಬೇಕು, ಹಸುವೇನೂ ಆಕ್ಷೇಪಿಸುವುದಿಲ್ಲ!

ವಿದ್ಯಾರ್ಥಿಗಳು ಒಂದು ಕಾರ್ಯ ಕೈಗೊಳ್ಳಬಹುದು. ಮುಂದಿನ ಕೊಯ್ಲಿನ ಒಂದು ವಾರ, ಮನೆಯಲ್ಲಿ ಯಾರು ಎಷ್ಟಕ್ಕೆ ಎದ್ದರು, ಎಷ್ಟಕ್ಕೆ ಮಲಗಿದರು, ನಡುವೆ ಎಷ್ಟು ಹೊತ್ತು ಸುಮ್ಮನೆ ಕುಳಿತರು ಎಂಬುದನ್ನು ಅಡಿಕೆಯ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಅಜ್ಜಿ, ತಾಯಿ, ಕೆಲಸಕ್ಕೆ ಬರುವವರು, ಎಲ್ಲರದೂ ಇರಲಿ. ಮುಯ್ಯಾಳಿನ ಸರದಿ ಯಾರ ಮನೆಯಿಂದ ಆರಂಭವಾಗಬೇಕೆಂಬುದನ್ನು ಆ ಪುಟಗಳನ್ನು ಮುಂದಿಟ್ಟುಕೊಂಡೇ ನಿಶ್ಚಯಿಸಬಹುದು.